ಮಸುಕು ಬಿಂದು

ಯಾಕುತ್ಸ್ಕ್‌ನ ಇಂಧನ ಡಿಪೋದಲ್ಲಿ ನನ್ನದು ಮೂಲೆಯ ಕೋಣೆ.
ಕೆಲಸ ಇಷ್ಟೇ: ಗಾಜಿನ ನಳಿಗೆಗೆ ಡೀಸೆಲ್ ಸುರಿದು
ತಣ್ಣಗೆ, ಇನ್ನೂ ತಣ್ಣಗೆ ಮಾಡುತ್ತ ಕಾಯುವುದು;
ತಿಳಿ ಹೊನ್ನಿನೊಳಗೆ ಮೊದಲ ಮಸುಕು ಮೂಡಿದ ಗಳಿಗೆ
ತಾಪ ಓದಿ ಖಾತೆಯಲ್ಲಿ ಬರೆಯುವುದು.
ಹನ್ನೊಂದು ಚಳಿಗಾಲ ಹೀಗೆ ಕಾದಿದ್ದೇನೆ,
ಹಾಲುಕ್ಕುವುದನ್ನು ಕಾಯುವವರ ಹಾಗೆ,
ತಿರುವುಮುರುವಾಗಿ.

ಎಲ್ಲವೂ ಒಂದೇ ಮನೆತನ.
ಇಂಗಾಲ, ಜಲಜನಕ; ಮೂರನೆಯವರಿಲ್ಲ.
ಗಿಡ್ಡ, ಉದ್ದ, ಅಷ್ಟರಲ್ಲೇ ಎಲ್ಲ ಜಗಳ.
ಒಂದೇ ಇಂಗಾಲದ ಮೀಥೇನ್ ಯಾರ ಕೈಗೂ ಸಿಗದ ಪೋರ.
ಹೊರಗೆ ಮೈನಸ್ ಐವತ್ತೆರಡು,
ನಾಯಿಯ ಉಸಿರು ಅದರ ಮೀಸೆಗೇ ಅಂಟಿ ಗಾಜಾಗುವಾಗಲೂ
ನೆಲ ಮುಟ್ಟದ ಕೊಳವೆಗಳಲ್ಲಿ ಓಡೋಡಿ ಬಂದು
ನನ್ನ ಒಲೆಯ ಮೇಲೆ ನೀಲಿಯಾಗಿ ಕೂರುತ್ತಾನೆ.
ಮೂರರ ಪ್ರೊಪೇನ್ ಮೈನಸ್ ನಲವತ್ತೆರಡಕ್ಕೇ ಸೋತು
ಸಿಲಿಂಡರಿನ ತಳದಲ್ಲಿ ನೀರಿನಂತೆ ಕುಲುಕುತ್ತದೆ.
ದಕ್ಷಿಣದಿಂದ ಬಂದ ನೆರೆಮನೆಯ ಬಾಡಿಗೆದಾರ
ಅಂಗಳದಲ್ಲಿ ಕಡ್ಡಿ ಗೀರಿ ಹಿಡಿದೇ ನಿಂತಿದ್ದ,
ಬರದ ಬುಸ್ಸೆಂಬ ಸದ್ದಿಗೆ ಕಿವಿಗೊಟ್ಟು.
ನಾಲ್ಕರ ಬ್ಯೂಟೇನ್?
ಅದು ಅಕ್ಟೋಬರಿನಲ್ಲೇ ಮಲಗಿದೆ.

ಅಣುವಿಗೂ ಅಣುವಿಗೂ ನಡುವಿನ ಸೆಳೆತ ಎಷ್ಟೆಂದು ಹೇಳಲಿ?
ಮೀನಿನ ಪೇಟೆಯಲ್ಲಿ ಭುಜ ತಾಗಿಸಿ ಹೋದ ಅಪರಿಚಿತನಷ್ಟು.
ಒಮ್ಮೆ ತಾಗಿದ್ದು ಲೆಕ್ಕಕ್ಕಿಲ್ಲ.
ಆದರೆ ಮೈ ಉದ್ದವಾದರೆ ಮೈಯುದ್ದಕ್ಕೂ ತಾಗುತ್ತದೆ.
ಹದಿನೆಂಟು ಕಡೆ ತಾಗಿದ ಮೇಲೆ ಬಿಟ್ಟೇಳುವುದು ಸುಲಭವೆ?
ಕುದಿಯಲು ಹೆಚ್ಚು ಬೆಂಕಿ, ಹರಿಯಲು ಹೆಚ್ಚು ಹೊತ್ತು,
ಚಳಿಯೊಂದು ನೆಪ ಸಿಕ್ಕರೆ ಸಾಕು
ಸಾಲುಗಟ್ಟಿ, ಒತ್ತರಿಸಿ, ಮೇಣವಾಗಿಬಿಡುತ್ತವೆ.
ನನ್ನ ತಾಯಿಯ ಕಡೆಯವರೂ ಹೀಗೇ,
ಕೂತರೆ ಕುಮಿಸ್ ಮುಗಿಯದೆ ಏಳರು.

ದ್ಯುಲುಸ್ತಾನ್ ನನ್ನ ತಮ್ಮ.
ಇಂದಿಗಿರ್ಕಾದ ಹಿಮದಾರಿಯಲ್ಲಿ
ಹಿಟ್ಟು, ಕಿಟಕಿ ಗಾಜು, ಶಾಲೆಯ ಬೆಂಚು ಸಾಗಿಸುವವನು.
ನಮ್ಮ ಡಿಪೋದ ಎಣ್ಣೆಯಿಂದ ಉದ್ದದವನ್ನು ಮೊದಲೇ ತೆಗೆದಿರುತ್ತಾರೆ.
ಅವನು ದಾರಿಯಲ್ಲೆಲ್ಲೋ ಅಗ್ಗವೆಂದು ತುಂಬಿಸಿದ್ದು
ಬೇಸಿಗೆಯ ಎಣ್ಣೆ.
ಒಂಬತ್ತು ಕಿಲೋಮೀಟರ್ ಎಂಜಿನ್ ಕೆಮ್ಮಿತು,
ಆಮೇಲೆ ಕೆಮ್ಮಲಿಲ್ಲ.
ಫಿಲ್ಟರ್ ಬಿಚ್ಚಿದರೆ ಒಳಗೆ
ಬೆರಳಿಂದ ಬಳಿದು ತೆಗೆಯುವಂಥ ಬೆಣ್ಣೆ.

ಸ್ಟೆಪ್ನಿ ಇಳಿಸಿ ಹಿಮದ ಮೇಲೆ ಉರುಳಿಸಿದ.
ಪೆಟ್ರೋಲಿನ ಚಿಂದಿಯೂ ಮೂರು ಕಡ್ಡಿಗೆ ಹತ್ತಲಿಲ್ಲ,
ನಾಲ್ಕನೆಯದಕ್ಕೆ ಮನಸ್ಸು ಮಾಡಿತು.
ಟೈರು ಈ ಮನೆತನದ ಎಲ್ಲರಿಗಿಂತ ಉದ್ದದವನು,
ಸಾವಿರಗಟ್ಟಲೆ ಕೊಂಡಿ, ಮೇಲೆ ಗಂಧಕದ ಗಂಟು ಬೇರೆ;
ಕುದಿಯುವುದಿಲ್ಲ, ಹರಿಯುವುದಿಲ್ಲ, ಆವಿಯ ಮಾತೇ ಇಲ್ಲ.
ಬೆಂಕಿ ಅವನನ್ನು ಕತ್ತರಿಸಿತು.
ತುಂಡಾದವು ಹಗುರಾದವು, ಹಗುರಾದವು ಎದ್ದವು,
ಎದ್ದದ್ದು ಉರಿಯಿತು.
ದಾರಿ ತಡೆದದ್ದೂ ಉದ್ದವೇ,
ಬೆಳಗಿನ ತನಕ ಅವನನ್ನು ಉಳಿಸಿದ್ದೂ ಅದೇ, ಮುರಿದು.
ಐದು ಟೈರು. ಆರನೆಯದಕ್ಕೆ ಜ್ಯಾಕ್ ಹಚ್ಚುವಾಗ
ಬೇರೊಂದು ಲಾರಿಯ ದೀಪ ಕಂಡಿತಂತೆ.

ಮಾರ್ಚಿನಲ್ಲಿ ಡಿಪೋಗೆ ಬಂದ,
ಎಡಗೈಯ ಎರಡು ಬೆರಳಿಗೆ ತುದಿಯಿಲ್ಲ.
ವೋಡ್ಕಾ ಬಾಟಲಿಯಲ್ಲಿ ಆ ಟ್ಯಾಂಕಿನ ಎಣ್ಣೆ ತಂದಿದ್ದ.
ನಳಿಗೆಗೆ ಸುರಿದೆ. ಇಬ್ಬರೂ ಬಗ್ಗಿ ಕಾದೆವು.
ಮೈನಸ್ ಆರಕ್ಕೇ ತಳದಲ್ಲಿ ಒಂದೆಳೆ ಬಿಳುಪು,
ಉಗುರಿನ ಬುಡದ ಚಂದ್ರದಷ್ಟು.
“ಇಷ್ಟೇನಾ ಅಕ್ಕಾ?” ಎಂದ.
ಇಷ್ಟೇ ಎಂದೆ. ಖಾತೆಯಲ್ಲಿ ಬರೆದೆ.
ನಳಿಗೆಯನ್ನು ತೊಳೆಯಲು ಎತ್ತಿಕೊಂಡರೆ
ಕಸಿದುಕೊಂಡು ಎರಡೂ ಅಂಗೈ ನಡುವೆ ಇಟ್ಟುಕೊಂಡ,
ಒಳಗಿನದು ತಿಳಿಯಾಗುವ ತನಕ ಕೊಡಲೇ ಇಲ್ಲ.